ಅಂಪೈರ್ ನೋಡದಿದ್ದರೂ ಕೈ ಎತ್ತುವ ಮಕ್ಕಳು: ಉಡುಪಿಯ ಒಂದು ಆಟದ ತರಗತಿಯಲ್ಲಿ ಎಂಟು ತಿಂಗಳು

ಮಗಳು ಸೇರಿದ್ದು ಜೂನ್‌ನಲ್ಲಿ. ಈಗ ಜನವರಿ. ಬರೆಯಲು ಇಷ್ಟು ದಿನ ಬೇಕಂತಲೇ ಕಾದೆ. ಮೊದಲ ವಾರ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಮಳೆ ಜೋರಾಗಿದ್ದ ಜುಲೈಯಲ್ಲಿ ಬರೆದಿದ್ದರೆ ಬರೀ ದೂರು.

ಉಡುಪಿಯಿಂದ ಪರ್ಕಳದ ಕಡೆಗೆ ಹೋಗುವಾಗ ಒಳದಾರಿಯಲ್ಲಿ ಒಂದು ಹಳೆಯ ಶಾಲೆ ಸಿಗುತ್ತದೆ. ಅದರ ಮೈದಾನದಲ್ಲಿ ನಡೆಯುವ ಆಟದ ತರಗತಿ ಇದು. ಶನಿವಾರ ಸಂಜೆ 4ರಿಂದ 5.45, ಭಾನುವಾರ ಬೆಳಿಗ್ಗೆ 6.45ರಿಂದ 8.30. 9ರಿಂದ 13 ವರ್ಷದ 24 ಮಕ್ಕಳು. ತಿಂಗಳಿಗೆ 700 ರೂಪಾಯಿ. ನಡೆಸುವವರು ಇಬ್ಬರು. ಒಬ್ಬರು ನಿವೃತ್ತರಾದ ಪಿ.ಟಿ. ಮಾಸ್ಟ್ರು. ಇನ್ನೊಬ್ಬರು ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮುಗಿಸಿದ ಯುವತಿ, ಮಕ್ಕಳಿಗೆಲ್ಲ ಅವರು ‘ಅಕ್ಕ’. ಹೆಸರು ಹಾಕಬೇಡಿ ಎಂದು ಇಬ್ಬರೂ ಕೇಳಿಕೊಂಡಿದ್ದಾರೆ. 24ಕ್ಕಿಂತ ಜಾಸ್ತಿ ಮಕ್ಕಳನ್ನು ಅವರು ತೆಗೆದುಕೊಳ್ಳುವುದಿಲ್ಲ, ಕಾಯುತ್ತಿರುವವರ ಪಟ್ಟಿ ಈಗಲೇ ಉದ್ದ ಇದೆ. ಆದರೂ ಬರೆಯುತ್ತಿದ್ದೇನೆ. ನಿಮ್ಮ ಊರಿನಲ್ಲಿ ಮಕ್ಕಳನ್ನು ಆಟಕ್ಕೆ ಸೇರಿಸುವಾಗ ಏನು ನೋಡಬೇಕು ಎಂದು ತಿಳಿಯಲಿ ಅಂತ. ಶಾಲೆಯ ಪಿ.ಟಿ. ಮಾಸ್ಟ್ರು, ಪಿ.ಟಿ. ಟೀಚರ್‌ಗಳು ಓದಿದರೆ ಇನ್ನೂ ಒಳ್ಳೆಯದು.

ನಾನು ಒಂದು ಸಹಕಾರಿ ಸಂಘದ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡಿದ್ದೆ, ತಾಲೂಕು ಮಟ್ಟದವರೆಗೆ ಹೋಗಿದ್ದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಥ್ರೋಬಾಲ್ ಎಂದರೆ ಎಷ್ಟು ಪ್ರೀತಿ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಯುವಕ ಮಂಡಲದ ವಾರ್ಷಿಕೋತ್ಸವ ಇರಲಿ, ಮಹಿಳಾ ಮಂಡಲದ ಕ್ರೀಡಾಕೂಟ ಇರಲಿ, ಥ್ರೋಬಾಲ್, ಹಗ್ಗಜಗ್ಗಾಟ ಎರಡೂ ಇರಲೇಬೇಕು. ಮಗಳು ಈಗ ಆರನೇ ಕ್ಲಾಸ್. ಅವಳಿಗೂ ಅದೇ ಆಟ ಇಷ್ಟ.

ಆಟ ಗೊತ್ತಿಲ್ಲದವರಿಗಾಗಿ ಒಂದು ನಿಯಮ ಹೇಳುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಥ್ರೋಬಾಲ್‌ನಲ್ಲಿ ಚೆಂಡನ್ನು ಎರಡೂ ಕೈಯಿಂದ ಹಿಡಿಯಬೇಕು, ಮೈಗೆ ತಾಗಬಾರದು. ತಾಗಿದರೆ ಬಾಡಿ ಟಚ್, ಪಾಯಿಂಟ್ ಎದುರು ತಂಡಕ್ಕೆ. ಎಷ್ಟೋ ಸಲ ಚೆಂಡು ತಾಗಿದ್ದು ಹಿಡಿದವಳಿಗೆ ಮಾತ್ರ ಗೊತ್ತಾಗುತ್ತದೆ. ಅಂಪೈರ್ ಇರುವ ಕಡೆಯಿಂದ ಅವಳ ಬೆನ್ನು ಮಾತ್ರ ಕಾಣುತ್ತಿರುತ್ತದೆ.

ಕಳೆದ ಬೇಸಿಗೆಯಲ್ಲಿ ಮಗಳನ್ನು ಬೇರೊಂದು ಶಿಬಿರಕ್ಕೆ ಸೇರಿಸಿದ್ದೆವು. ಒಂದು ತಿಂಗಳಿಗೆ 3,500 ರೂಪಾಯಿ. ಅಲ್ಲಿ ಅವಳ ಥ್ರೋ ಚೆನ್ನಾಗಿ ಸುಧಾರಿಸಿತು, ಅದನ್ನು ಇಲ್ಲ ಎನ್ನುವುದಿಲ್ಲ. ಕೊನೆಯ ವಾರ ಮ್ಯಾಚ್ ಇತ್ತು, ನಾನೂ ಹೋಗಿದ್ದೆ. ಚೆಂಡು ಅವಳ ಎದೆಗೆ ತಾಗಿತು. ಅವಳು ಕೋಚ್‌ನ ಮುಖ ನೋಡಿದಳು. ಅವರು ಅಲ್ಲಿಂದಲೇ ಕೂಗಿದರು: “ಅಂಪೈರ್ ನೋಡ್ಲಿಲ್ಲ ಅಂದ್ರೆ ಔಟಲ್ಲ, ಆಡು!” ಮೂವತ್ತು ಮಕ್ಕಳು ಕೇಳಿಸಿಕೊಂಡರು. ಅದೇ ವಾರ ಮನೆಯಲ್ಲಿ ತಮ್ಮನ ಜೊತೆ ಕೇರಂ ಆಡುವಾಗ ಅವಳು ಅದೇ ಮಾತನ್ನು ಅದೇ ಧಾಟಿಯಲ್ಲಿ ಹೇಳಿದಳು. “ಅಪ್ಪ ನೋಡ್ಲಿಲ್ಲ ಅಂದ್ರೆ ಫೌಲಲ್ಲ.” ಆಟ ಆಡಿದರೆ ಮಕ್ಕಳಿಗೆ ಒಳ್ಳೆಯ ಗುಣ ತಾನಾಗೇ ಬರುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಬರುವುದಿಲ್ಲ. ಆಡಿಸುವವರು ಏನು ಕಲಿಸುತ್ತಾರೋ ಅದು ಬರುತ್ತದೆ.

ಈ ಹೊಸ ತರಗತಿಗೆ ಮೊದಲ ದಿನ ಹೋದಾಗ ನಾನು ಗಮನಿಸಿದ್ದು ಒಂದೇ. ಮಾಸ್ಟ್ರ ಕೊರಳಲ್ಲಿ ವಿಷಲ್ ಇರಲಿಲ್ಲ. ಅದು ಒಬ್ಬ ಹುಡುಗನ ಕೊರಳಲ್ಲಿತ್ತು. ಮುಂದಿನ ವಾರ ಬೇರೆ ಮಗುವಿನ ಕೊರಳಲ್ಲಿ. ಇಲ್ಲಿ ಎಲ್ಲ ಮಕ್ಕಳಿಗೂ ಆಟದ ಜೊತೆ ಒಂದು ಕೆಲಸ ಇರುತ್ತದೆ. ಒಬ್ಬರು ಅಂಪೈರ್, ಒಬ್ಬರು ಸ್ಕೋರ್ ಬರೆಯುವವರು, ಇಬ್ಬರು ಸುಣ್ಣದ ಪುಡಿಯಲ್ಲಿ ಗೆರೆ ಹಾಕುವವರು, ಒಬ್ಬರು ಫಸ್ಟ್ ಏಡ್ ಡಬ್ಬಿ ನೋಡಿಕೊಳ್ಳುವವರು, ಒಬ್ಬರು ಕಿಟ್ ಬ್ಯಾಗ್ ಮನೆಗೆ ಒಯ್ದು ಮುಂದಿನ ವಾರ ಸರಿಯಾಗಿ ಎಣಿಸಿ ತರುವವರು. ಒಬ್ಬ ಹುಡುಗನಿಗೆ ಕಿವಿ ಸ್ವಲ್ಪ ಮಂದ. ಅವನಿಗಾಗಿ ವಿಷಲ್ ಊದುವವರು ಕೆಂಪು ಬಾವುಟವನ್ನೂ ಎತ್ತಬೇಕು. ಒಂದು ದಿನವೂ ಯಾರೂ ಅದನ್ನು ಮರೆತದ್ದು ನಾನು ನೋಡಿಲ್ಲ.

ತಂಡ ಮಾಡುವ ರೀತಿಯೂ ಬೇರೆ. ನಮ್ಮ ಕಾಲದಲ್ಲಿ ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಕೊನೆಗೆ ಉಳಿದ ಹುಡುಗಿಯ ಮುಖ ಯಾರೂ ನೋಡುತ್ತಿರಲಿಲ್ಲ. ಇಲ್ಲಿ ಚೀಟಿ ಎತ್ತಿ ಒಮ್ಮೆ ತಂಡ ಮಾಡಿದರೆ ಹತ್ತು ವಾರ ಅದೇ ತಂಡ. ಗೆದ್ದರೂ ಅವರೇ, ಸೋತರೂ ಅವರೇ. ಹತ್ತನೇ ವಾರ ಪಂದ್ಯಾಟ. ಒಬ್ಬಳಿಗೆ ಕ್ಯಾಚ್ ಬರುವುದಿಲ್ಲ ಎಂದರೆ ಅವಳನ್ನು ಬಿಟ್ಟು ಆಡುವ ದಾರಿಯೇ ಇಲ್ಲ, ಕಲಿಸಲೇಬೇಕು. ಮೂರನೇ ವಾರದಿಂದ ತರಗತಿ ಶುರುವಾಗುವ ಮೊದಲೇ ಬಂದು ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಅಮೆರಿಕದಲ್ಲಿ ಡೆರಿಲ್ ಸೀಡೆಂಟಾಪ್ ಎಂಬ ದೈಹಿಕ ಶಿಕ್ಷಣದ ಪ್ರೊಫೆಸರ್ 1980ರ ದಶಕದಲ್ಲಿ ಈ ಪದ್ಧತಿಗೆ ರೂಪ ಕೊಟ್ಟರಂತೆ. ಮಾಸ್ಟ್ರು ಹೇಳಿದ್ದು. ಅವರು ಸರ್ವಿಸ್‌ನಲ್ಲಿ ಇದ್ದಾಗಲೇ ಇದನ್ನು ತಮ್ಮ ಶಾಲೆಯಲ್ಲಿ ಮಾಡಿ ನೋಡಿದ್ದರು.

ಅವರ ಇನ್ನೊಂದು ಪದ್ಧತಿ ಮೆಟ್ಟಿಲಿನದು. ಶಾಲೆಯ ಜಗಲಿಗೆ ಐದು ಮೆಟ್ಟಿಲು. ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಒಂದೊಂದು ಸಾಲು. ಕೆಳಗಿನದು: ಸಿಟ್ಟು ತಡೆದೆ, ಯಾರಿಗೂ ನೋವು ಮಾಡಲಿಲ್ಲ. ಎರಡು: ಮನಸ್ಸಿಟ್ಟು ಆಡಿದೆ. ಮೂರು: ಹೇಳಿಸಿಕೊಳ್ಳದೆ ನನ್ನ ಕೆಲಸ ಮಾಡಿದೆ. ನಾಲ್ಕು: ಇನ್ನೊಬ್ಬರಿಗೆ ಸಹಾಯ ಮಾಡಿದೆ. ಐದು: ಮೈದಾನದ ಹೊರಗೂ ಹೀಗೇ ಇದ್ದೆ. ಆಟ ಮುಗಿದ ಮೇಲೆ ಮಕ್ಕಳು ಇವತ್ತು ತಾವು ಎಲ್ಲಿಯವರೆಗೆ ಬಂದೆವು ಎಂದು ಯೋಚಿಸಿ ಆ ಮೆಟ್ಟಿಲ ಮೇಲೆ ಹೋಗಿ ನಿಲ್ಲಬೇಕು. ಈ ಐದು ಹಂತ ಮಾಡಿದವರು ಡಾನ್ ಹೆಲಿಸನ್. 1970ರ ದಶಕದಿಂದ ಅಮೆರಿಕದ ಬಡ ಬಡಾವಣೆಗಳ ಮಕ್ಕಳ ಜೊತೆ ಆಟದ ಮೂಲಕ ಕೆಲಸ ಮಾಡಿದವರು. ಮೆಟ್ಟಿಲಿನ ಉಪಾಯ ಮಾತ್ರ ನಮ್ಮ ಮಾಸ್ಟ್ರದ್ದು.

ಮೊದಲ ತಿಂಗಳು ಎಲ್ಲರೂ ಓಡಿ ಐದನೇ ಮೆಟ್ಟಿಲಲ್ಲೇ ನಿಲ್ಲುತ್ತಿದ್ದರು, ಜಾಗ ಸಾಲದೆ ತಳ್ಳಾಟ. ಮಾಸ್ಟ್ರು ಏನೂ ಹೇಳಲಿಲ್ಲ. ಆಗಸ್ಟ್ ಹೊತ್ತಿಗೆ ಒಬ್ಬೊಬ್ಬರೇ ಕೆಳಗೆ ಬಂದರು. ಒಂದು ಶನಿವಾರ ಮಗಳು ಎರಡನೆಯದರಲ್ಲಿ ನಿಂತಿದ್ದಳು. ಯಾಕೆಂದು ದಾರಿಯಲ್ಲಿ ಕೇಳಿದೆ. “ಗೆರೆ ಹಾಕ್ಲಿಕ್ಕೆ ಅಕ್ಕ ಎರಡು ಸಲ ಕರೀಬೇಕಾಯ್ತು ಅಮ್ಮ” ಎಂದಳು.

ಇಲ್ಲಿ ಒಂದು ತೊಂದರೆ ಇತ್ತು, ಹೇಳಲೇಬೇಕು. ಒಬ್ಬ ಹುಡುಗ ವಾರ ವಾರವೂ ಒಂದನೇ ಮೆಟ್ಟಿಲಲ್ಲೇ ಇರುತ್ತಿದ್ದ. ಕೆಲವು ದಿನ ಅದಕ್ಕೂ ಹತ್ತದೆ ನೆಲದಲ್ಲಿ. ಬೇಗ ಸಿಟ್ಟು ಬರುವ ಮಗು, ಆದರೆ ಪ್ರಾಮಾಣಿಕ. ಉಳಿದವರು ಅವನಿಗೆ ‘ಗ್ರೌಂಡ್ ಫ್ಲೋರ್’ ಎಂದು ಹೆಸರಿಟ್ಟರು. ನಿಜ ಹೇಳಿದ್ದಕ್ಕೆ ಸಿಕ್ಕಿದ ಹೆಸರು ಅದು. ನನಗೆ ತಡೆಯಲಾಗಲಿಲ್ಲ, ಮಾಸ್ಟ್ರಿಗೆ ಹೇಳಿದೆ. ಅವರು ವಾದ ಮಾಡಲಿಲ್ಲ. ಎರಡು ನಿಮಿಷ ಸುಮ್ಮನಿದ್ದು “ನನ್ನ ಗಮನಕ್ಕೆ ಬಂದಿರ್ಲಿಲ್ಲ, ತಪ್ಪಾಯ್ತು” ಎಂದರು. ಮುಂದಿನ ವಾರದಿಂದ ಮೆಟ್ಟಿಲಲ್ಲಿ ನಿಲ್ಲುವುದು ನಿಂತಿತು. ಒಳಗಿನ ಕೋಣೆಯಲ್ಲಿ ಐದು ಹಂತಕ್ಕೆ ಐದು ತೆಂಗಿನ ಗೆರಟೆ ಇಟ್ಟರು. ಒಬ್ಬೊಬ್ಬರೇ ಒಳಗೆ ಹೋಗಿ ಒಂದು ಹುಣಸೆಬೀಜವನ್ನು ತಮ್ಮ ಗೆರಟೆಗೆ ಹಾಕಿ ಬರಬೇಕು. ಯಾರದು ಯಾವುದು ಎಂದು ಮಾಸ್ಟ್ರಿಗೂ ಗೊತ್ತಾಗುವುದಿಲ್ಲ. ಒಟ್ಟು ಬೀಜ ಎಣಿಸಿ, “ಇವತ್ತು ನಾಲ್ಕನೇ ಗೆರಟೆ ಖಾಲಿ ಉಂಟು, ಯಾಕಿರಬಹುದು?” ಎಂದು ಎಲ್ಲರನ್ನೂ ಕೇಳುತ್ತಾರೆ. ಪೋಷಕರೊಬ್ಬರು ಹೇಳಿದ ಮಾತಿಗೆ ಇಷ್ಟು ಬೇಗ ಬದಲಾದ ಬೇರೆ ಯಾವ ತರಗತಿಯನ್ನೂ ನಾನು ಕಂಡಿಲ್ಲ.

ಈಗ ಸೆಪ್ಟೆಂಬರ್‌ನ ಒಂದು ಭಾನುವಾರದ ವಿಷಯ. ರಾತ್ರಿಯೆಲ್ಲ ಮಳೆ ಬಂದು ಬೆಳಿಗ್ಗೆ ಬಿಟ್ಟಿತ್ತು. ಮೈದಾನದ ಕೆಂಪು ಮಣ್ಣು ಅಂಟುತ್ತಿತ್ತು, ಚೆಂಡು ಜಾರುತ್ತಿತ್ತು. 15 ಪಾಯಿಂಟಿನ ಸೆಟ್, 13-13ರಲ್ಲಿ ನಿಂತಿತ್ತು. ಚೆಂಡು ಮಗಳ ಕಡೆಗೆ ಬಂತು. ಹಿಡಿದಳು. ನೆಟ್‌ನ ಪಕ್ಕದಲ್ಲಿದ್ದ ಅಂಪೈರ್ ಹುಡುಗ ವಿಷಲ್ ಊದಲಿಲ್ಲ. ಎದುರು ತಂಡದವರು ಕೈ ಮುಂದೆ ಮಾಡಿ ಕಾಯುತ್ತಿದ್ದರು. ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಎಸೆಯಬೇಕು. ಅವಳು ಎಸೆಯಲಿಲ್ಲ. ಚೆಂಡನ್ನು ಕಾಲಿನ ಹತ್ತಿರ ಇಟ್ಟಳು. ಬಲಗೈ ಎತ್ತಿದಳು. “ಬಾಡಿ ಟಚ್” ಎಂದಳು, ಗಟ್ಟಿಯಾಗಿ ಅಲ್ಲ. 13-14. ಆಮೇಲಿನ ಪಾಯಿಂಟೂ ಹೋಯಿತು. ಸೋತರು.

ನಾನು ಮಾವಿನ ಮರದ ಕೆಳಗೆ ಕೂತಿದ್ದೆ, ಪೋಷಕರಿಗೆ ಇರುವ ಜಾಗ ಅದು. ಮಾಸ್ಟ್ರು ಭೇಷ್ ಎನ್ನುತ್ತಾರೆ, ಚಪ್ಪಾಳೆ ತಟ್ಟಿಸುತ್ತಾರೆ ಎಂದು ಕಾಯುತ್ತಿದ್ದೆ. ಅವರು ಸ್ಕೋರ್ ಪುಸ್ತಕ ನೋಡುತ್ತಾ ನಿಂತಿದ್ದರು, ಅಷ್ಟೇ. ಆಮೇಲೆ ಎಲ್ಲರೂ ವೃತ್ತದಲ್ಲಿ ಕೂತರು. ಮಗಳ ತಂಡದ ಹುಡುಗಿಯೊಬ್ಬಳು ಅಳುವುದೊಂದು ಬಾಕಿ. “ನೀನು ಹೇಳದಿದ್ರೆ ನಾವು ಗೆಲ್ತಿದ್ದೆವು” ಎಂದಳು. ಮಾಸ್ಟ್ರು ಅವಳನ್ನೂ ತಡೆಯಲಿಲ್ಲ. “ಹೌದು, ಗೆಲ್ಲಬಹುದಿತ್ತು” ಎಂದರು. ಯಾರಿಗಾದರೂ ಏನಾದರೂ ಹೇಳಲಿಕ್ಕೆ ಉಂಟಾ ಎಂದು ಕೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಗೆದ್ದ ತಂಡದ ಒಬ್ಬ ಹುಡುಗ, “ಇನ್ನು ನನಗೆ ಆದ್ರೆ ನಾನೂ ಹೇಳ್ಬೇಕಾಗ್ತದೆ ಸರ್” ಎಂದ. ಅವನಿಗೆ ಅದು ಸಂತೋಷದ ವಿಷಯವಾಗಿ ಕಾಣಲಿಲ್ಲ. ಆದರೆ ಹೇಳಿದ.

ಯಾಕೆ ಹೊಗಳಲಿಲ್ಲ ಎಂದು ಆಮೇಲೆ ಮಾಸ್ಟ್ರನ್ನು ಕೇಳಿದೆ. “ಇವತ್ತು ಚಪ್ಪಾಳೆ ತಟ್ಟಿದ್ರೆ ಮುಂದಿನ ಸಲ ಚಪ್ಪಾಳೆಗಾಗಿ ಕೈ ಎತ್ತುತ್ತಾಳೆ ಅಮ್ಮ. ಅವಳಿಗೆ ಗೊತ್ತುಂಟಲ್ಲ, ಸಾಕು” ಎಂದರು.

ಮನೆಗೆ ಬಂದು ಅವಳ ಟೀ ಶರ್ಟನ್ನು ಒಗೆಯುವ ಕಲ್ಲಿನ ಮೇಲೆ ಹರಡಿದಾಗ ಕಂಡಿತು. ಎದೆಯ ಹತ್ತಿರ, ಎರಡು ರೂಪಾಯಿ ನಾಣ್ಯದಷ್ಟು ಕೆಂಪು ಮಣ್ಣಿನ ಕಲೆ. ಅಷ್ಟೇ ತಾಗಿದ್ದು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತಾಲೂಕು ಮಟ್ಟದ ಸೆಮಿಫೈನಲ್‌ನಲ್ಲಿ ನನಗೂ ಹೀಗೇ ಚೆಂಡು ತಾಗಿತ್ತು. ನಾನು ಹೇಳಲಿಲ್ಲ. ನಾವು ಗೆದ್ದೆವು. ಎದುರಿಗಿದ್ದ ಹುಡುಗಿಗೆ ಗೊತ್ತಾಗಿತ್ತು, ಅವಳು ನೋಡಿದ ನೋಟ ನನಗೆ ಇವತ್ತಿಗೂ ನೆನಪಿದೆ. ಆ ಪ್ರಶಸ್ತಿಪತ್ರವನ್ನು ನಾನು ಮಗಳಿಗೆ ತೋರಿಸಿರಲಿಲ್ಲ. ಆ ದಿನ ತೋರಿಸಿ ಎಲ್ಲ ಹೇಳಿದೆ. ಅವಳು ಪ್ರಶಸ್ತಿಪತ್ರವನ್ನು ಒಮ್ಮೆ ಓದಿ, “ಆ ಹುಡುಗಿ ಯಾವ ಶಾಲೆ ಅಮ್ಮ?” ಎಂದು ಮಾತ್ರ ಕೇಳಿದಳು.

ಮುಂದಿನ ಶನಿವಾರ ಮಾಸ್ಟ್ರು ಮಕ್ಕಳಿಗೆ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರ ವಿಷಯ ಹೇಳಿದರು. 1980ರ ಫೆಬ್ರವರಿ, ಮುಂಬೈಯ ವಾಂಖೆಡೆ, ಇಂಗ್ಲೆಂಡ್ ವಿರುದ್ಧ ಗೋಲ್ಡನ್ ಜ್ಯುಬಿಲಿ ಟೆಸ್ಟ್. ನಮ್ಮ ಭದ್ರಾವತಿಯ ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬ್ಯಾಟ್ ಮಾಡುತ್ತಿದ್ದ ಬಾಬ್ ಟೇಲರ್‌ಗೆ ಕ್ಯಾಚ್ ಎಂದು ಅಂಪೈರ್ ಔಟ್ ಕೊಟ್ಟರು. ಬ್ಯಾಟ್‌ಗೆ ತಾಗಿಲ್ಲ ಎಂದು ವಿಶ್ವನಾಥ್‌ಗೆ ಅನ್ನಿಸಿತು. ಅಂಪೈರ್ ಹತ್ತಿರ ಮಾತಾಡಿ ಟೇಲರ್ ಅವರನ್ನು ವಾಪಸ್ ಕರೆದರು. ಆಮೇಲೆ ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಹೊಡೆದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಮಾಸ್ಟ್ರು ಅಲ್ಲಿಗೇ ನಿಲ್ಲಿಸಿದರು. ಅದು ನನಗೆ ತುಂಬಾ ಹಿಡಿಸಿತು. ನಾವು ಸಾಮಾನ್ಯವಾಗಿ ಮಕ್ಕಳಿಗೆ ಹೇಳುವ ನೀತಿಕಥೆಗಳಲ್ಲಿ ನಿಜ ಹೇಳಿದವನಿಗೆ ಕೊನೆಗೆ ಬಂಗಾರದ ಕೊಡಲಿಯೇ ಸಿಗುತ್ತದೆ ಅಲ್ವಾ? ಇಲ್ಲಿ ಸಿಕ್ಕಿದ್ದು ಸೋಲು. “ಮತ್ತೆ ಯಾಕೆ ಕರೆದ್ರು ಸರ್?” ಎಂದು ಒಬ್ಬ ಕೇಳಿದ. “ನೀನು ಹೇಳು ನೋಡುವ” ಎಂದರು. ಆ ದಿನ ಅರ್ಧ ಗಂಟೆ ಆಟವೇ ಆಗಲಿಲ್ಲ, ಬರೀ ಮಾತು. ನಮ್ಮ ಮನೆಯಲ್ಲಿ ಅದು ಮೂರು ದಿನ ಮುಂದುವರಿಯಿತು. ಗಂಡನ ಪ್ರಕಾರ ಅಂಪೈರ್ ಔಟ್ ಕೊಟ್ಟ ಮೇಲೆ ಔಟೇ. ಮಗಳು ಒಪ್ಪಲಿಲ್ಲ.

ಅಕ್ಟೋಬರ್‌ನಿಂದ ತಿಂಗಳಿಗೊಂದು ಭಾನುವಾರ ಮಲ್ಪೆ ಬೀಚ್‌ಗೆ ಕರೆದುಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಕಡಲು ಜೋರು, ಹತ್ತಿರ ಹೋಗುವ ಹಾಗಿಲ್ಲ. ಅಲ್ಲಿ ಆಡಿಸುವುದು ಫ್ರಿಸ್ಬೀ. ಸುಮ್ನೆ ಎಸೆದು ಹಿಡಿಯುವುದಲ್ಲ, ‘ಅಲ್ಟಿಮೇಟ್’ ಎಂಬ ತಂಡದ ಆಟ. ಮರಳಿನಲ್ಲಿ ಒಂದೊಂದು ಕಡೆ ಐದು ಜನ, ಹುಡುಗ ಹುಡುಗಿಯರು ಒಟ್ಟಿಗೆ. 175 ಗ್ರಾಂ ತೂಕದ ಡಿಸ್ಕ್ ಕೈಯಲ್ಲಿ ಇರುವಾಗ ಓಡಬಾರದು, ಎಸೆದೇ ಮುಂದಕ್ಕೆ ಸಾಗಿಸಬೇಕು. ಎದುರಿನ ಕೊನೆಯ ಪಟ್ಟಿಯೊಳಗೆ ನಮ್ಮವರು ಹಿಡಿದರೆ ಪಾಯಿಂಟ್. 1968ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೈಸ್ಕೂಲ್ ಮಕ್ಕಳೇ ಶುರು ಮಾಡಿದ ಆಟವಂತೆ.

ಈ ಆಟದಲ್ಲಿ ಅಂಪೈರೇ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಆಡುವವರೇ ತೀರ್ಮಾನ ಮಾಡಿಕೊಳ್ಳಬೇಕು. ಯಾರಿಗೆ ಫೌಲ್ ಆಯಿತೋ ಅವರೇ ‘ಫೌಲ್’ ಎಂದು ಕೂಗಬೇಕು. ಆಟ ನಿಲ್ಲುತ್ತದೆ. ಎದುರಿನವರು ಒಪ್ಪಿದರೆ ಸರಿ. ಒಪ್ಪದಿದ್ದರೆ ಇಬ್ಬರೂ ತಮಗೆ ಕಂಡದ್ದನ್ನು ಚುಟುಕಾಗಿ ಹೇಳಬೇಕು. ಆಗಲೂ ಬಗೆಹರಿಯದಿದ್ದರೆ ಡಿಸ್ಕ್ ಎಸೆದವರ ಕೈಗೆ ವಾಪಸ್, ಅಲ್ಲಿಂದ ಮತ್ತೆ ಆಟ. ನವೆಂಬರ್‌ನಲ್ಲಿ ಮಗಳಿಗೂ ಒಬ್ಬ ಹುಡುಗನಿಗೂ ಹೀಗೇ ಆಯಿತು. ಕೈಗೆ ಹೊಡೆದ ಎಂದು ಅವಳು, ಡಿಸ್ಕ್‌ಗೆ ಹೊಡೆದದ್ದು ಎಂದು ಅವನು. ಇಬ್ಬರ ಮುಖವೂ ಕೆಂಪಾಗಿತ್ತು. ಅಕ್ಕ ಹತ್ತು ಹೆಜ್ಜೆ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು, ಹತ್ತಿರ ಬರಲೇ ಇಲ್ಲ. ಕೊನೆಗೆ ಅವನು “ನನಗೆ ಹಾಗೆ ಕಾಣ್ಲಿಲ್ಲ, ಆದ್ರೆ ಸರಿ, ವಾಪಸ್ ಕೊಡುವ” ಎಂದ. ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬರಲಿಲ್ಲ, ಆದರೂ ಆಟ ಮುಂದುವರಿಯಿತು. ಇದನ್ನು ದೊಡ್ಡವರಾದ ನಾವು ಎಷ್ಟು ಸಲ ಮಾಡುತ್ತೇವೆ? ಪಾಲಿನ ಜಾಗದ ವಿಷಯಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣ ತಮ್ಮಂದಿರನ್ನು ನಾನು ದಿನಾ ಕೌಂಟರಿನಲ್ಲಿ ನೋಡುತ್ತೇನೆ.

ಆಟ ಮುಗಿದ ಮೇಲೆ ಎರಡೂ ತಂಡ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಗುಂಡಗೆ ನಿಲ್ಲುತ್ತಾರೆ. ಆಮೇಲೆ ಎದುರು ತಂಡಕ್ಕೆ ಅಂಕ ಕೊಡಬೇಕು. ನಿಯಮ ಗೊತ್ತಿತ್ತಾ, ಮೈಗೆ ಮೈ ತಾಗಿಸದೆ ಆಡಿದರಾ, ನ್ಯಾಯವಾಗಿ ನಡೆದುಕೊಂಡರಾ, ಸಿಟ್ಟು ಹಿಡಿತದಲ್ಲಿತ್ತಾ, ಸರಿಯಾಗಿ ಮಾತಾಡಿದರಾ. ಐದು ವಿಷಯ, ಒಂದೊಂದಕ್ಕೂ 0ಯಿಂದ 4. ಸಾಮಾನ್ಯವಾಗಿ ಚೆನ್ನಾಗಿದ್ದರೆ 2. ಪೂರ್ತಿ 20 ಬಂದದ್ದು ಈವರೆಗೆ ಒಮ್ಮೆಯೂ ಇಲ್ಲ, ಮಕ್ಕಳು ಅಷ್ಟು ಸುಲಭವಾಗಿ ಅಂಕ ಕೊಡುವವರಲ್ಲ.

ಇನ್ನು ಸರಿ ಇಲ್ಲದ ಸಂಗತಿಗಳು. ಮಳೆಗಾಲ ದೊಡ್ಡ ಸಮಸ್ಯೆ. ಜೂನ್, ಜುಲೈಯಲ್ಲಿ ಅರ್ಧಕ್ಕರ್ಧ ತರಗತಿ ಶಾಲೆಯ ಹಾಲ್‌ನಲ್ಲಿ ಆಯಿತು. 24 ಮಕ್ಕಳಿಗೆ ಆ ಹಾಲ್ ಸಾಲದು, ನೆಲ ಜಾರುತ್ತದೆ, ಒಬ್ಬಳ ಮಂಡಿ ತರಚಿತು. ಭಾನುವಾರ ಹುಡುಗಿಯರ ಶೌಚಾಲಯದ ಬೀಗದ ಕೀ ಸಿಗದೆ ಮೂರು ವಾರ ಕಷ್ಟ ಆಯಿತು. ಈಗ ಒಂದು ಕೀ ಅಕ್ಕನ ಕೈಯಲ್ಲಿದೆ. ಮಾಸ್ಟ್ರ ಮಾತು ಕೆಲವು ದಿನ ಉದ್ದವಾಗುತ್ತದೆ, ಸಣ್ಣ ಮಕ್ಕಳು ಹುಲ್ಲು ಕೀಳಲು ಶುರು ಮಾಡುತ್ತಾರೆ. ಬಸ್‌ಸ್ಟಾಪಿನಿಂದ ಒಂದು ಕಿಲೋಮೀಟರ್ ನಡೆಯಬೇಕು.

ಮಗು ಜಿಲ್ಲಾ ತಂಡಕ್ಕೆ, ರಾಜ್ಯ ತಂಡಕ್ಕೆ ಆಯ್ಕೆ ಆಗಬೇಕು ಎಂಬ ಆಸೆ ಇದ್ದವರಿಗೆ ಇದು ಸಾಲದು. ಆ ಆಸೆ ತಪ್ಪಲ್ಲ. ಕಾರ್ಕಳ ತಾಲೂಕಿನಿಂದ ಹೋದ ಮಮತಾ ಪೂಜಾರಿ ಭಾರತ ಕಬಡ್ಡಿ ತಂಡದ ಕ್ಯಾಪ್ಟನ್ ಆದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರ ಎತ್ತಿ ಬೆಳ್ಳಿ ತಂದರು. ಅಷ್ಟು ಎತ್ತರಕ್ಕೆ ಹೋಗಲು ದಿನಾ ಬೆಳಿಗ್ಗೆ ಸಂಜೆ ಅಭ್ಯಾಸ ಬೇಕು, ಅದಕ್ಕೆ ಬೇರೆ ಕೋಚ್ ಬೇಕು. ಮಾಸ್ಟ್ರೇ ಇದನ್ನು ಮೊದಲ ದಿನ ಹೇಳಿಬಿಡುತ್ತಾರೆ.

700 ರೂಪಾಯಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು. ಗುರುವಾರ ಇಬ್ಬರೂ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಹೋಗಿ ಪಿ.ಟಿ. ಪೀರಿಯಡ್ ನಡೆಸಿಕೊಡುತ್ತಾರೆ, ಉಚಿತವಾಗಿ. ಅಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿಲ್ಲ. ಅಲ್ಲಿನ ಚೆಂಡು, ಡಿಸ್ಕ್ ಎಲ್ಲ ನಮ್ಮ ಫೀಸಿನಿಂದ. ಡಿಸೆಂಬರ್‌ನಲ್ಲಿ ಒಂದು ದಿನ ರಜೆ ಹಾಕಿ ನೋಡಲು ಹೋದೆ. 40 ನಿಮಿಷದ ಪೀರಿಯಡ್, 38 ಮಕ್ಕಳು. ಒಂದು ಕಡೆ ಖೋಖೋ. ಇನ್ನೊಂದು ಕಡೆ ಲಗೋರಿ, ಒಡೆದ ಮಂಗಳೂರು ಹೆಂಚಿನ ಏಳು ತುಂಡು ಜೋಡಿಸಿ. ಲಗೋರಿಯ ಸ್ಕೋರ್ ಬರೆಯುವ ಕೆಲಸ ಒಬ್ಬ ನಾಲ್ಕನೇ ಕ್ಲಾಸಿನ ಹುಡುಗನಿಗೆ. ಪುಸ್ತಕದಲ್ಲಿ ಬರೆಯಲು ಅವನಿಗೆ ಹೊತ್ತು ಸಾಲುತ್ತಿರಲಿಲ್ಲ. ಕುಕ್ಕರಗಾಲಲ್ಲಿ ಕೂತು ಮಣ್ಣಿನ ಮೇಲೆ ಕಡ್ಡಿಯಿಂದ ಗೀಟು ಎಳೆಯುತ್ತಿದ್ದ. ಓಡಿ ಬಂದ ಯಾರೋ ಒಂದು ಗೀಟು ತುಳಿದು ಅಳಿಸಿದರು. ಎಷ್ಟಿತ್ತು ಎಂದು ಅವನು ಎರಡೂ ತಂಡವನ್ನು ಕೇಳಿದ. ಇಬ್ಬರೂ ಒಂದೇ ಲೆಕ್ಕ ಹೇಳಿದರು. ಆಟ ಮುಂದುವರಿಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆಟವನ್ನು ಪಾಠದ ಜೊತೆ ಸೇರಿಸಬೇಕು, ಅದರಿಂದ ಮಕ್ಕಳಲ್ಲಿ ಸಹಕಾರ, ಶಿಸ್ತು, ಜವಾಬ್ದಾರಿ ಬೆಳೆಯಬೇಕು ಎಂದು ಬರೆದಿದ್ದಾರೆ. ಬರೆದದ್ದು ಸರಿಯಾಗಿಯೇ ಇದೆ. ಆದರೆ ಪರೀಕ್ಷೆ ಹತ್ತಿರ ಬಂದ ಕೂಡಲೇ ಎಷ್ಟೋ ಶಾಲೆಗಳಲ್ಲಿ ಮೊದಲು ಹೋಗುವುದು ಪಿ.ಟಿ. ಪೀರಿಯಡ್. ಗಣಿತಕ್ಕೆ ಕೊಡುತ್ತಾರೆ. ವಾರಕ್ಕೊಂದು ನೀತಿ ಪಾಠದ ಪೀರಿಯಡ್ ಇಟ್ಟು ‘ಸತ್ಯವನ್ನೇ ಹೇಳಬೇಕು’ ಎಂದು ಬೋರ್ಡಿನಲ್ಲಿ ಬರೆಸುತ್ತಾರೆ. 13-13ರಲ್ಲಿ ಚೆಂಡು ಹಿಡಿದು ನಿಂತ ಮಗುವಿಗೆ ಸಿಗುವ ಆ ಮೂರು ಸೆಕೆಂಡು ಬೋರ್ಡಿನಲ್ಲಿ ಸಿಗುವುದಿಲ್ಲ. ಆ ಪೀರಿಯಡನ್ನು ದಯವಿಟ್ಟು ತೆಗೆಯಬೇಡಿ ಎಂದು ಈ ಸಲದ ಪೋಷಕರ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದೆ. ನೋಡುವ ಎಂದಿದ್ದಾರೆ.

ಮನೆಯಲ್ಲಿ ಏನು ಬದಲಾಯಿತು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲ ಬದಲಾಗಿಲ್ಲ. ತಮ್ಮನ ಜೊತೆ ಜಗಳ ಇದೆ, ಹೋಂವರ್ಕ್ ಮುಗೀತು ಎಂದು ಸುಳ್ಳು ಹೇಳುವುದೂ ಇದೆ. ಐದನೇ ಗೆರಟೆಗೆ ಬೀಜ ಬೀಳುವುದು ಎಲ್ಲಕ್ಕಿಂತ ಕಷ್ಟ ಎಂದು ಮಾಸ್ಟ್ರೂ ಹೇಳುತ್ತಾರೆ. ಆದರೆ ಕೇರಂನಲ್ಲಿ ಅವಳ ಬೆರಳು ಕಾಯಿಗೆ ತಾಗಿದರೆ ಈಗ ಅವಳೇ ಸ್ಟ್ರೈಕರ್ ಬಿಟ್ಟುಕೊಡುತ್ತಾಳೆ. ಏಳು ವರ್ಷದ ತಮ್ಮ ಅದನ್ನು ನೋಡಿ ಕಲಿತಿದ್ದಾನೆ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಸೇರಿಸುವವರಿಗೆ: ಮುಂದಿನ ತಂಡ ಜೂನ್‌ನಲ್ಲಿ. ಶೂ ಇಲ್ಲದಿದ್ದರೂ ಪರವಾಗಿಲ್ಲ, ಟೋಪಿ ಮತ್ತು ನೀರಿನ ಬಾಟಲಿ ಬೇಕೇ ಬೇಕು. ಆಟದ ನಂತರ ಬಾಳೆಹಣ್ಣು, ಬೆಲ್ಲ ಹಾಕಿದ ಅವಲಕ್ಕಿ, ಸೆಕೆಗಾಲದಲ್ಲಿ ಪುನರ್ಪುಳಿ ಶರಬತ್ತು ಕೊಡುತ್ತಾರೆ. ತಿಂಗಳಿಗೊಮ್ಮೆ ಪೋಷಕರೂ ಮೈದಾನಕ್ಕೆ ಇಳಿಯಬೇಕು, ಅಂಪೈರ್ ಮಕ್ಕಳೇ. ಮರದ ಕೆಳಗಿನಿಂದ ಮಗುವಿಗೆ ಕೂಗಿ ಸೂಚನೆ ಕೊಡುವ ಹಾಗಿಲ್ಲ.

ಈ ವಾರ ಕಿಟ್ ಬ್ಯಾಗ್ ನಮ್ಮ ಮನೆಯಲ್ಲಿದೆ. ನಾನು ಇದನ್ನು ಬರೆಯುತ್ತಿರುವಾಗ ಮಗಳು ಜಗಲಿಯಲ್ಲಿ ಎಲ್ಲವನ್ನೂ ಸುರಿದುಕೊಂಡು ಎಣಿಸುತ್ತಿದ್ದಾಳೆ. ಡಿಸ್ಕ್ ನಾಲ್ಕು, ಚೆಂಡು ಎರಡು, ವಿಷಲ್, ಬಾವುಟ, ಸ್ಕೋರ್ ಪುಸ್ತಕ. ಲಗೋರಿಯ ಹೆಂಚಿನ ತುಂಡು ಆರೇ ಇದೆಯಂತೆ. ಕಳೆದ ವಾರ ತಂದ ಹುಡುಗನಿಗೆ ಫೋನ್ ಮಾಡಿ ಕೇಳಿದಳು, ಅವನಿಗೂ ಗೊತ್ತಿಲ್ಲ. ಪಕ್ಕದ ಮನೆಯ ಅಜ್ಜಿಯ ಹಟ್ಟಿಯ ಹತ್ತಿರ ಒಡೆದ ಹೆಂಚು ರಾಶಿ ಬಿದ್ದಿದೆ. ಕೇಳಿ ತರುತ್ತೇನೆ ಎಂದು ಈಗಷ್ಟೇ ಓಡಿದಳು.